ಮಾಲಿಯ ಪಗಾರಕ್ಕೊಂದು ದಾಸೋಹ

ಕಲಬುರಗಿ ಜಿಲ್ಲೆಯ ರಾವೂರಿನ ಸುತ್ತ ಗುದ್ದಲಿ ಬೀಸಿದರೆ ಬಹಳ ಕಡೆ ಒಂದೆರಡು ಅಡಿಗೇ ಕಲ್ಲು ಖಣ್ಣೆನ್ನುತ್ತದೆ. ಶಹಾಬಾದ್ ಕಲ್ಲೆಂದು ದೇಶದ ತುಂಬ ಹೆಸರಾದ ಫರಸಿ ಇದೇ ನೆಲದ್ದು. ಮನೆಯ ಹಾಸು, ಗೋಡೆ, ಮಾಳಿಗೆ, ಹೊಲದ ಬದುವಿಗೆ ನಿಲ್ಲಿಸಿದ ಬೇಲಿ, ದನದ ಕೊಟ್ಟಿಗೆಯ ಗ್ವಾದಲಿ, ಎಲ್ಲವೂ ಅದರದ್ದೇ. ವಾಡಿಯ ಸಿಮೆಂಟ್ ಕಾರ್ಖಾನೆಗೂ ಇದೇ ಸುಣ್ಣಕಲ್ಲು ಅನ್ನ. ಕಲ್ಲು ತೆಗೆದ ಮೇಲೆ ಉಳಿದ ಖಣಿಗಳು ಮಳೆಗಾಲದಲ್ಲಿ ನೀರು ತುಂಬಿಕೊಂಡು ಬೇಸಿಗೆಯಲ್ಲಿ ಬಾಯ್ಬಿಡುತ್ತವೆ. ಅವುಗಳ ದಂಡೆಯಲ್ಲಿ ಜಾಲಿ ಬಿಟ್ಟರೆ ಬೇರೇನೂ ಕಣ್ಣಿಗೆ ಬೀಳುವುದಿಲ್ಲ. ‘ಇಲ್ಲೇನ್ ಬೆಳೀತದ್ರಿ, ಬರೇ ಕಲ್ಲು’ ಎನ್ನುವ ಮಾತು ಚಿತ್ತಾಪುರ, ಶಹಾಬಾದ್, ಸೇಡಂ ಸೀಮೆಯಲ್ಲಿ ಎಷ್ಟು ಸಲ ಕಿವಿಗೆ ಬಿದ್ದಿದೆಯೋ ಲೆಕ್ಕವಿಲ್ಲ. ಈ ಮಾತನ್ನು ನಾನು ಒಪ್ಪುವುದಿಲ್ಲ. ಈ ನೆಲದಲ್ಲಿ ಬೆಳೆಯುವ ಗಿಡಗಳಿವೆ, ಇಲ್ಲಿ ಮತ್ತು ಇಂಥ ಒಣ ನೆಲದಲ್ಲಿ ಮಾತ್ರ ಚೆನ್ನಾಗಿ ಬೆಳೆಯುವ ಗಿಡಗಳೂ ಇವೆ. ಅವು ಕಡಿಮೆಯಾಗುತ್ತಿವೆ. ಅವನ್ನು ಉಳಿಸಲು ನಮ್ಮದೇ ಊರಲ್ಲಿ, ನಮ್ಮದೇ ಹಣದಿಂದ ಒಂದು ತೋಟ ನಡೆಸಲು ಸಾಧ್ಯವಿದೆ ಎಂದು ಹೇಳುವುದಕ್ಕೆ ಈ ಬರಹ.

ನಮ್ಮ ಸೀಮೆಯ ಹಳೆಯ ಹಸಿರು ಹೇಗಿತ್ತೆಂದು ನೋಡಬೇಕಾದರೆ ಚಿಂಚೋಳಿಗೆ ಹೋಗಬೇಕು. ಕುಂಚಾವರಂ, ಚಂದ್ರಂಪಳ್ಳಿ ಕಡೆಯ ಕಾಡನ್ನು 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಿಸಿದರು. ವಿಸ್ತೀರ್ಣ 134.88 ಚದರ ಕಿಲೋಮೀಟರ್. ಬಯಲುಸೀಮೆಯ ನಡುವೆ ಇಷ್ಟು ಕಾಡು ಉಳಿದದ್ದೇ ದೊಡ್ಡ ಮಾತು. ಶ್ರೀಗಂಧ, ರಕ್ತಚಂದನ, ತೇಗ ಅಲ್ಲಿವೆ. ಎಲೆಯುದುರುವ ಒಣಕಾಡು ಅದು. ಏಪ್ರಿಲ್‌ನಲ್ಲಿ ಹೋದವರಿಗೆ ಬೋಳು ಕೊಂಬೆ ಕಾಣುತ್ತದೆ. ಅದೇ ಜಾಗಕ್ಕೆ ಆಗಸ್ಟ್‌ನಲ್ಲಿ ಹೋದರೆ ಕಾಲಿಡಲು ಜಾಗವಿಲ್ಲದಷ್ಟು ಹಸಿರು. ನಾಲ್ಕು ತಿಂಗಳಲ್ಲಿ ಹುಟ್ಟಿ, ಹೂಬಿಟ್ಟು, ಬೀಜ ಕಟ್ಟಿ, ಗಡ್ಡೆಯಾಗಿ ನೆಲದೊಳಗೆ ಅಡಗುವ ಬಳ್ಳಿ–ಮೂಲಿಕೆಗಳ ಲೋಕವದು. ಬೇಸಿಗೆಯಲ್ಲಿ ಕಾಣುವುದಿಲ್ಲವೆಂಬ ಒಂದೇ ಕಾರಣಕ್ಕೆ ಅವು ಇಲ್ಲವೆಂದು ತಿಳಿಯುತ್ತೇವೆ.

ಅಪರೂಪದ ಸಸ್ಯ ಎಂದೊಡನೆ ಕರ್ನಾಟಕದಲ್ಲಿ ಎಲ್ಲರ ಕಣ್ಣು ಪಶ್ಚಿಮಘಟ್ಟದ ಕಡೆ ತಿರುಗುತ್ತದೆ. ತಿರುಗಬೇಕಾದದ್ದೇ. ಸಿದ್ಧಾಪುರದ ಕತ್ತಲೆಕಾನಿನಂಥ ಜೌಗುಕಾಡಿನಲ್ಲಿ 2000ದ ಇಸವಿಯಲ್ಲಷ್ಟೇ ವಿಜ್ಞಾನಕ್ಕೆ ಪರಿಚಯವಾದ ಗೇರು ಜಾತಿಯ ಮರವೊಂದಿದೆ. ಅಂಥ ಮರಗಳಿಗಾಗಿ ಶಿರಸಿಯ ಅರಣ್ಯ ಕಾಲೇಜಿನವರು ಪಟ್ಟ ಶ್ರಮ ದೊಡ್ಡದು. ಆದರೆ ಒಣನಾಡಿನ ಗಿಡಗಳಿಗೆ ಅಂಥ ಕಾಳಜಿ ಮಾಡುವವರು ಕಡಿಮೆ. ಕುರುಚಲು ಕಾಡು ಸರ್ಕಾರಿ ಕಡತದಲ್ಲಿ ಪಾಳುಭೂಮಿ. ಪಾಳೆಂದ ಮೇಲೆ ಅದನ್ನು ಕಲ್ಲಿಗೋ ಕಾರ್ಖಾನೆಗೋ ಕೊಡುವಾಗ ಯಾರ ಮನಸ್ಸಿಗೂ ನೋವಾಗುವುದಿಲ್ಲ.

ಲಂಡನ್ನಿನ ಕ್ಯೂ ಸಸ್ಯೋದ್ಯಾನ 2020ರಲ್ಲಿ ಕೊಟ್ಟ ಅಂದಾಜಿನಂತೆ ಜಗತ್ತಿನ ಪ್ರತಿ ಐದು ಸಸ್ಯ ಪ್ರಭೇದಗಳಲ್ಲಿ ಎರಡು ಅಳಿವಿನ ಅಂಚಿನ ಕಡೆ ಸರಿಯುತ್ತಿವೆ. ಅದಕ್ಕೂ ಮುಂಚೆ, 2017ರಲ್ಲಿ, ಜಗತ್ತಿನ ಸಸ್ಯೋದ್ಯಾನಗಳ ಲೆಕ್ಕ ಹಾಕಿದ ಒಂದು ಅಧ್ಯಯನ ಬಂತು. ಅಪಾಯದಲ್ಲಿರುವ ಪ್ರಭೇದಗಳಲ್ಲಿ ಶೇ 41ರಷ್ಟು ಯಾವುದಾದರೂ ಒಂದು ತೋಟದಲ್ಲಿವೆ ಎಂದು ಅದು ಹೇಳಿತು. ಸಮಾಧಾನದ ಸುದ್ದಿಯೇ. ಆದರೆ ಅದೇ ಅಧ್ಯಯನದ ಇನ್ನೊಂದು ಸಾಲು ನಮ್ಮಂಥವರಿಗಾಗಿಯೇ ಇದೆ. ತಂಪುನಾಡಿನ ಪ್ರಭೇದಗಳಲ್ಲಿ ಶೇ 60ರಷ್ಟಕ್ಕೆ ತೋಟಗಳಲ್ಲಿ ಜಾಗ ಸಿಕ್ಕಿದ್ದರೆ ಉಷ್ಣವಲಯದ ಪ್ರಭೇದಗಳಲ್ಲಿ ಸಿಕ್ಕಿದ್ದು ಶೇ 25ಕ್ಕೆ ಮಾತ್ರ. ಗಿಡಗಳು ಹೆಚ್ಚಿರುವುದು ನಮ್ಮ ಕಡೆ, ತೋಟಗಳು ಹೆಚ್ಚಿರುವುದು ಅವರ ಕಡೆ.

ಸಂರಕ್ಷಣೆಯ ತೋಟವೆಂದರೆ ಉದ್ಯಾನವನವಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಅಲ್ಲಿ ಹುಲ್ಲುಹಾಸು, ಕಾರಂಜಿ, ಸೆಲ್ಫಿಗೆ ಕಮಾನು ಯಾವುದೂ ಬೇಕಿಲ್ಲ. ಅಲ್ಲಿ ನಡೆಯುವ ಕೆಲಸ ಎಷ್ಟು ಸೂಕ್ಷ್ಮದ್ದೆಂದು ತಿಳಿಯಲು ಶ್ರೀಗಂಧದ ಒಂದು ಸಸಿಯನ್ನು ಹತ್ತಿರದಿಂದ ನೋಡಿದರೆ ಸಾಕು. ಗಂಧದ ಗಿಡ ಅರೆಪರಾವಲಂಬಿ. ಎಲೆಯಲ್ಲಿ ತನ್ನ ಅನ್ನ ತಾನೇ ಮಾಡಿಕೊಂಡರೂ ನೀರು, ಲವಣಗಳಿಗೆ ಪಕ್ಕದ ಗಿಡದ ಬೇರನ್ನು ಹಿಡಿಯುತ್ತದೆ. ಎಳೆಯ ಸಸಿಯನ್ನು ಮಣ್ಣಿನಿಂದ ಮೆಲ್ಲಗೆ ಬಿಡಿಸಿ ನೋಡಿದರೆ ಅದರ ಬೇರಿನ ಮೇಲೆ ಸಣ್ಣ ಗಂಟಿನಂಥ ಅಂಗಗಳು ಪಕ್ಕದ ಬೇರಿಗೆ ಒತ್ತಿಕೊಂಡಿರುವುದು ಕಾಣುತ್ತದೆ. ಆಸರೆಯ ಗಿಡವಿಲ್ಲದೆ ಒಂಟಿಯಾಗಿ ನೆಟ್ಟ ಗಂಧ ಮೊದಮೊದಲು ಚಿಗುರಿ ಆಮೇಲೆ ಹಳದಿಯಾಗಿ ಸೊರಗುತ್ತದೆ. ಗಂಧ ಬೆಳೆಸುವವರು ಅದಕ್ಕೆ ಆಸರೆಯಾಗಿ ನೆಡುವ ಗಿಡಗಳಲ್ಲಿ ತೊಗರಿಯೂ ಒಂದು. ಭೌಗೋಳಿಕ ಸೂಚಕ ಪಡೆದ ಕಲಬುರಗಿಯ ತೊಗರಿ ಕಾಡಿನ ಗಂಧಕ್ಕೆ ದಾದಿಯೂ ಆಗಬಲ್ಲದೆಂಬುದು ನನಗೆ ಬಹಳ ಹಿಡಿಸಿದ ಸಂಗತಿ. ತೊಗರಿಯ ಆಯುಷ್ಯ ಮುಗಿಯುವಷ್ಟರಲ್ಲಿ ಹೊಂಗೆಯಂಥ ದೀರ್ಘಾಯುಷಿ ಆಸರೆ ಪಕ್ಕದಲ್ಲಿ ಬೆಳೆದಿರಬೇಕು. ಈ ಸರದಿ ತಪ್ಪದಂತೆ ನೋಡಿಕೊಳ್ಳುವುದು ಒಬ್ಬ ಮನುಷ್ಯನ ಕೆಲಸ. ಆ ಮನುಷ್ಯ ನಾಳೆಯೂ ಬರಬೇಕು, ಬರುವ ವರ್ಷವೂ ಬರಬೇಕು.

ಕಮರದ ಮರದ ಕಥೆ ಬೇರೆ. ದಖ್ಖನ್ನಿನ ಒಣನೆಲದ ಮರವಿದು. ಇದರ ಕೆಚ್ಚು ದೇಶದ ಅತ್ಯಂತ ಭಾರದ ಕಟ್ಟಿಗೆಗಳಲ್ಲೊಂದು, ಸೊಪ್ಪು ದನಕರುಗಳಿಗೆ ಮೇವು. ಇದು ಪ್ರತಿ ವರ್ಷ ಚೆನ್ನಾಗಿ ಬೀಜ ಕಟ್ಟುವುದಿಲ್ಲ. ಮೂರರಿಂದ ಐದು ವರ್ಷಕ್ಕೊಮ್ಮೆ ಮಾತ್ರ ಭರಪೂರ ಬೀಜ. ಆ ವರ್ಷ ಬೀಜ ಆಯುವವರು ಇಲ್ಲದಿದ್ದರೆ ಮತ್ತೆ ಅಷ್ಟು ಕಾಲ ಕಾಯಬೇಕು. ಮೊಳಕೆಯಾದ ಮೇಲೆ ಎಲೆಗಿಂತ ಮುಂಚೆ ತಾಯಿಬೇರು ಆಳಕ್ಕಿಳಿಯುವುದರಿಂದ ಪ್ಲಾಸ್ಟಿಕ್ ಚೀಲದಲ್ಲಿ ಬಹಳ ದಿನ ಇಟ್ಟರೆ ಬೇರು ಸುತ್ತಿಕೊಂಡು ಗಿಡ ಕುಂಟುತ್ತದೆ. ಧೂಪದ ಮರದ ಬೀಜವಂತೂ ಮೊಳೆಯುವುದೇ ಕಷ್ಟ. ಇನ್ನು ಗುಗ್ಗುಳ. ರಾಜಸ್ಥಾನ, ಗುಜರಾತಿನ ಒಣಗುಡ್ಡಗಳ ಈ ಮುಳ್ಳುಗಿಡವನ್ನು ಔಷಧದ ಅಂಟಿಗಾಗಿ ಆಳವಾಗಿ ಕೆತ್ತಿ ಕೆತ್ತಿ ಸಾಯಿಸಿದ್ದೇವೆ. ತೀವ್ರ ಅಪಾಯದ ಪ್ರಭೇದವೆಂದು ಅದೀಗ ಅಂತರರಾಷ್ಟ್ರೀಯ ಪಟ್ಟಿಯಲ್ಲಿದೆ. ಕಡ್ಡಿ ನೆಟ್ಟರೂ ಬರುತ್ತದೆ. ಅಲ್ಲಿಯೇ ಒಂದು ಮೋಸವಿದೆ. ಒಂದೇ ತಾಯಿಗಿಡದ ಕಡ್ಡಿಯಿಂದ ನೂರು ಗಿಡ ಮಾಡಿದರೂ ವಂಶವಾಹಿಯ ಲೆಕ್ಕದಲ್ಲಿ ಅದು ಒಂದೇ ಗಿಡ. ಒಂದು ರೋಗ ಬಂದರೆ ನೂರೂ ಹೋಗುತ್ತವೆ. ಹಾಗಾಗಿ ಯಾವ ಗಿಡ, ಯಾವ ಊರಿನ ಯಾವ ಗುಡ್ಡದ್ದು, ಯಾವ ದಿನ ತಂದದ್ದು, ತಂದವರು ಯಾರು ಎಂಬುದನ್ನೆಲ್ಲ ವಹಿಯಲ್ಲಿ ಬರೆದು, ಅದೇ ನಂಬರನ್ನು ಅಲ್ಯೂಮಿನಿಯಂ ತಗಡಿನ ಮೇಲೆ ಕೊರೆದು ಗಿಡಕ್ಕೆ ಕಟ್ಟಬೇಕು. ಆ ವಹಿ ಕಳೆದ ದಿನ ತೋಟದ ಅರ್ಧ ಬೆಲೆ ಹೋದಂತೆ.

ಮೇಲೆ ಹೇಳಿದ ಯಾವ ಕೆಲಸವೂ ಸಸಿ ಕೊಳ್ಳುವ ಖರ್ಚಲ್ಲ. ಸಸಿಯ ಬೆಲೆ ಎಲ್ಲಕ್ಕಿಂತ ಕಡಿಮೆ. ಆದರೆ ನಮ್ಮ ದಾನವೆಲ್ಲ ಸಸಿಗೇ ಹೋಗುತ್ತದೆ. 1950ರಲ್ಲಿ ಕೆ.ಎಂ. ಮುನ್ಶಿ ಕೇಂದ್ರ ಮಂತ್ರಿಯಾಗಿದ್ದಾಗ ವನಮಹೋತ್ಸವ ಆರಂಭಿಸಿದರು. ಅಂದಿನಿಂದ ಪ್ರತಿ ಜುಲೈನಲ್ಲೂ ಹೊಸ ತಗ್ಗು, ಹೊಸ ಸಸಿ, ಹೊಸ ಫೋಟೊ. ಕಲಬುರಗಿ ಜಿಲ್ಲೆಯ ಬಿಸಿಲಿಗೆ ಮುಂದಿನ ಮೇ ತಿಂಗಳು ದಾಟುವ ಸಸಿ ಎಷ್ಟು? ಮೊದಲೆರಡು ಬೇಸಿಗೆ ನೀರು ಹಾಕುವವರಿಗೆ ಹಣವಿಟ್ಟಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ದಾನಿಗಳು ಗೇಟಿಗೆ ಕೊಡುತ್ತಾರೆ, ಬೆಂಚಿಗೆ ಕೊಡುತ್ತಾರೆ, ಹೆಸರು ಕೆತ್ತಿಸಬಹುದಾದ ಎಲ್ಲಕ್ಕೂ ಕೊಡುತ್ತಾರೆ. ಮಾಲಿಯ ಪಗಾರದ ಮೇಲೆ ಹೆಸರು ಕೆತ್ತಿಸಲು ಬರುವುದಿಲ್ಲ. ಅಪರೂಪದ ಗಿಡದ ತೋಟ ನಿಲ್ಲುವುದೂ ಬೀಳುವುದೂ ಆ ಪಗಾರದ ಮೇಲೆಯೇ.

ಹಳೆಯ ಉದಾಹರಣೆ ಬೆಂಗಳೂರಿನಲ್ಲೇ ಇದೆ. ಹೈದರಾಲಿ 1760ರಲ್ಲಿ ಶುರುಮಾಡಿದ ಲಾಲ್‌ಬಾಗ್ ಬ್ರಿಟಿಷರ ಕೈಗೆ ಬಂದ ಮೇಲೆ, 1836ರಲ್ಲಿ ಕೃಷಿ–ತೋಟಗಾರಿಕೆ ಸಂಘವೊಂದು ಹುಟ್ಟಿತು. ವಿಲಿಯಂ ಮನ್ರೊ ಎಂಬ ಸೇನಾಧಿಕಾರಿ ಅದರ ಕಾರ್ಯದರ್ಶಿ. ಸಸ್ಯಗಳ ಹುಚ್ಚು ಹಿಡಿಸಿಕೊಂಡ ಮನುಷ್ಯ. ಕಮಿಷನರ್ ಮಾರ್ಕ್ ಕಬ್ಬನ್ ತೋಟವನ್ನು ಆ ಸಂಘದ ವಶಕ್ಕೆ ಬಿಟ್ಟರು. ಆಸಕ್ತರು ಸೇರಿ ತೋಟ ನಡೆಸುವ ಪ್ರಯೋಗ ನಮ್ಮ ನಾಡಿನಲ್ಲಿ ಆಗಲೇ ಆಗಿಹೋಗಿದೆಯೆಂದು ಇದರರ್ಥ. ಅದು ನಡೆದದ್ದು ಕೆಲವೇ ವರ್ಷ. 1842ರಲ್ಲಿ ಸಂಘವೇ ಬರಖಾಸ್ತಾಯಿತು, ತೋಟ ಅನಾಥವಾಯಿತು. ಸಸ್ಯವಿಜ್ಞಾನಿ ಹ್ಯೂ ಕ್ಲೆಗ್‌ಹಾರ್ನ್ ಸಲಹೆಯಂತೆ 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಗಿ, ಕ್ಯೂನಿಂದ ವಿಲಿಯಂ ನ್ಯೂ ಎಂಬ ಪೂರ್ಣಾವಧಿ ತೋಟಗಾರ ಬಂದ ಮೇಲೆಯೇ ಲಾಲ್‌ಬಾಗ್ ಮತ್ತೆ ಚಿಗುರಿದ್ದು. ಉತ್ಸಾಹಿಗಳ ಸಂಘಕ್ಕೆ ಆರು ವರ್ಷ ದಾಟಲಾಗಲಿಲ್ಲ. ತಿಂಗಳ ಪಗಾರದ ತೋಟಗಾರ ಬಂದ ಮೇಲೆ ತೋಟ ಇಂದಿನವರೆಗೂ ಇದೆ.

ಹಾಗಾದರೆ ಸರ್ಕಾರವೇ ನಡೆಸಲಿ ಎನ್ನಬಹುದು. ಆದರೆ ಜನರ ದೇಣಿಗೆಯಿಂದಲೂ ಪಗಾರ ನಡೆಯುತ್ತದೆ ಎನ್ನುವುದಕ್ಕೆ ಕೊಡಗಿನಾಚೆಯ ವಯನಾಡು ಸಾಕ್ಷಿ. ನಾರಾಯಣ ಗುರುಕುಲದ ನಟರಾಜ ಗುರುಗಳ ಶಿಷ್ಯ, ಜರ್ಮನಿಯಿಂದ ಬಂದ ವೋಲ್ಫ್‌ಗಾಂಗ್ ಟೊಯರ್‌ಕಾಫ್, 1981ರಲ್ಲಿ ಪೆರಿಯ ಹತ್ತಿರ ಕೆಲವೇ ಎಕರೆ ಜಾಗದಲ್ಲಿ ಗಿಡಗಳಿಗೆ ಆಶ್ರಯ ಕೊಡಲು ಶುರುಮಾಡಿದರು. ರಸ್ತೆಗೆ, ಅಣೆಕಟ್ಟಿಗೆ, ಎಸ್ಟೇಟಿಗೆ ಕಾಡು ಕಡಿಯುವಾಗ ನೆಲ ಕಳೆದುಕೊಂಡ ಗಿಡಗಳವು. ಇಂದು ಗುರುಕುಲ ಸಸ್ಯಧಾಮದಲ್ಲಿ ಪಶ್ಚಿಮಘಟ್ಟದ ಎರಡು ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. ಆರ್ಕಿಡ್, ಜರಿಗಿಡ, ಕರ್ಣಕುಂಡಲ, ಪಾಚಿಯವರೆಗೆ. ಅವನ್ನು ಉಳಿಸಿಕೊಂಡು ಬಂದವರು ಬಹುಪಾಲು ಅದೇ ಊರಿನ ಹೆಣ್ಣುಮಕ್ಕಳು. ದಶಕಗಳ ಕಾಲ ಅದೇ ಗಿಡಗಳ ಜೊತೆ ಇದ್ದು, ಯಾವ ಗಿಡಕ್ಕೆ ಎಷ್ಟು ನೆರಳು, ಯಾವುದಕ್ಕೆ ಯಾವ ಮರದ ತೊಗಟೆ ಎಂಬುದನ್ನು ಕೈಯಿಂದಲೇ ಕಲಿತವರು. ಟೊಯರ್‌ಕಾಫ್ 2014ರಲ್ಲಿ ತೀರಿಕೊಂಡರು. ತೋಟ ನಿಲ್ಲಲಿಲ್ಲ. ಸ್ಥಾಪಕರ ನಂತರವೂ ತೋಟ ಉಳಿಯಿತೆಂದರೆ ಅಲ್ಲಿ ಹಣ ಗಿಡಕ್ಕಷ್ಟೇ ಅಲ್ಲ, ಗಿಡ ಬಲ್ಲವರಿಗೂ ಹೋಗಿದೆ ಎಂದೇ ನಾನು ತಿಳಿಯುತ್ತೇನೆ.

ನಮಗೆ ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ಚಿಂಚೋಳಿಯ ಗಡಿಯಾಚೆಗಿನ ಜಹೀರಾಬಾದಿದೆ. ಮಣ್ಣು, ಮಳೆ, ಬಿಸಿಲು ಹೆಚ್ಚುಕಡಿಮೆ ನಮ್ಮವೇ. ಮೈಸೂರಿನಲ್ಲಿ ಹುಟ್ಟಿದ ಪಿ.ವಿ. ಸತೀಶ್ ಮತ್ತು ಗೆಳೆಯರು 1983ರಲ್ಲಿ ಅಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಕಟ್ಟಿದರು. ಪಸ್ತಾಪುರದ ಸುತ್ತಲಿನ ಹಳ್ಳಿಗಳ ದಲಿತ ಹೆಣ್ಣುಮಕ್ಕಳ ಸಂಘಗಳು ಅದರ ಜೀವ. ಮಾಯವಾಗುತ್ತಿದ್ದ ಜೋಳ, ನವಣೆ, ಸಜ್ಜೆ, ಕಾಳುಗಳ ತಳಿಗಳನ್ನು ಅವರು ಮನೆಮನೆಯಲ್ಲಿ ಉಳಿಸಿದರು. ಊರ ಪಾಳುನೆಲದಲ್ಲಿ ಮರ ಬೆಳೆಸಿದರು. ಬಿತ್ತನೆಗೆ ಬೀಜ ಪಡೆದವಳು ಸುಗ್ಗಿಯಾದ ಮೇಲೆ ಪಡೆದದ್ದಕ್ಕಿಂತ ಹೆಚ್ಚು ಅಳೆದು ಹಿಂದಿರುಗಿಸುವುದು ಅಲ್ಲಿನ ರೀತಿ. ಹಣವೇ ಇಲ್ಲದವರು ನಡೆಸುವ ದೇಣಿಗೆಯಿದು. 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಅವರಿಗೆ ಬಂತು. ಅವರು ಕಾದದ್ದು ಹೊಲದ ಬೆಳೆಯನ್ನು, ನಾನು ಹೇಳುತ್ತಿರುವುದು ಕಾಡಿನ ಗಿಡವನ್ನು. ಆದರೆ ಬೀಜವನ್ನು ಒಣಗಿಸಿ, ಬೂದಿ ಬೆರೆಸಿ, ಬೇವಿನೆಲೆ ಹಾಕಿ ಗಡಿಗೆಯಲ್ಲಿ ಕಾಪಿಡುವ ಕೈ ಎರಡಕ್ಕೂ ಬೇಕು. ಆ ಕೈ ರಾವೂರಿನ, ಸೇಡಂನ ಮನೆಗಳಲ್ಲಿ ಇನ್ನೂ ಇದೆ. ತೊಗರಿ ಬೀಜ ಉಳಿಸಬಲ್ಲ ಅವ್ವನಿಗೆ ಕಮರದ ಬೀಜ ಉಳಿಸುವುದು ಹೇಳಿಕೊಡಬೇಕಾದ ವಿದ್ಯೆಯಲ್ಲ.

ಕೊಡುವುದನ್ನಂತೂ ನಮಗೆ ಯಾರೂ ಕಲಿಸಬೇಕಿಲ್ಲ. ಶರಣರ ಕಾಯಕ–ದಾಸೋಹದ ನೆಲವಿದು. ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ನೆಲೆನಿಂತ ಶರಣಬಸವೇಶ್ವರರು (1746–1822) ಹೊಲಕ್ಕಿಳಿದ ಹಕ್ಕಿಗಳನ್ನು ಓಡಿಸದೆ, ತಿಂದು ಹೋಗಲೆಂದು ನೀರಿಟ್ಟರೆಂದು ಈ ಭಾಗದ ಜನ ಇಂದಿಗೂ ಹೇಳುತ್ತಾರೆ. ಅವರ ಮಹಾಮನೆಯ ದಾಸೋಹ ಎರಡು ಶತಮಾನ ದಾಟಿ ನಡೆದಿದೆ. ಒಮ್ಮೆ ಬಂದ ದೊಡ್ಡ ದಾನದಿಂದ ಹೀಗೆ ನಡೆಯುವುದಿಲ್ಲ. ಸುಗ್ಗಿಗೆ ಸುಗ್ಗಿಗೆ ಜೋಳ, ತೊಗರಿಯ ಚೀಲ ಬರುತ್ತವೆ, ಬಡವನ ಸೇರು ಶ್ರೀಮಂತನ ಚೀಲದ ಜೊತೆ ಒಂದೇ ಕಣಜಕ್ಕೆ ಬೀಳುತ್ತದೆ, ಯಾರ ಕಾಳು ಯಾರ ತಾಟಿಗೆ ಹೋಯಿತೆಂದು ಯಾರೂ ಕೇಳುವುದಿಲ್ಲ. ಅಪರೂಪದ ಗಿಡದ ತೋಟಕ್ಕೆ ಬೇಕಾದದ್ದು ಅಂಥದೇ ಕೊಡುಗೆ. ಸಣ್ಣದು, ನಿಂತು ಹೋಗದ್ದು, ಹೆಸರು ಕೇಳದ್ದು.

ಈ ಕೊಡುಗೆ ಅನ್ನದಾಚೆಗೂ ಹರಿಯಬಲ್ಲದೆಂದು ಕೊಪ್ಪಳ ತೋರಿಸಿತು. 2019ರಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಮುಂದೆ ನಿಂತು ಹಿರೇಹಳ್ಳವನ್ನು ಶುಚಿ ಮಾಡಿಸಿದಾಗ ಜನ ಹಣ ಕೊಟ್ಟರು, ಯಂತ್ರ ಕೊಟ್ಟರು, ಬುತ್ತಿ ಕಟ್ಟಿಕೊಂಡು ಬಂದು ಮೈಮುರಿದು ದುಡಿದರು. ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ಉದ್ದದ ಹಳ್ಳವದು. ಹಳ್ಳಕ್ಕೆ ಕೊಟ್ಟವರು ಗಿಡಕ್ಕೆ ಕೊಡಲಾರರೇ?

ರಾವೂರಿನಂಥ ಊರು ಶುರುಮಾಡುವುದಾದರೆ ಕಾನೂನಿನ ದಾರಿಯೂ ಇದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಪ್ರಾಣಿ, ತಳಿ, ಅವುಗಳ ಬಗೆಗಿನ ತಿಳಿವಳಿಕೆಯನ್ನೆಲ್ಲ ದಾಖಲಾತಿ ಪುಸ್ತಕದಲ್ಲಿ ಬರೆಯಬೇಕು. ಅದೇ ಕಾಯ್ದೆಯಲ್ಲಿ ಸ್ಥಳೀಯ ಜೀವವೈವಿಧ್ಯ ನಿಧಿಯ ಮಾತೂ ಇದೆ. ಸರ್ಕಾರದ ಅನುದಾನವೂ ಬೇರೆ ಮೂಲಗಳ ಹಣವೂ ಅದಕ್ಕೆ ಬರಬಹುದು. ಕಾಗದದ ಮೇಲಿರುವ ಈ ಸಮಿತಿಗಳನ್ನು ಎಬ್ಬಿಸುವುದು ಮೊದಲ ಕೆಲಸ. ಸಾವಿರ ಮನೆಗಳು ತಿಂಗಳಿಗೆ ಇಪ್ಪತ್ತು ರೂಪಾಯಿಯಂತೆ ಕೊಟ್ಟರೆ 20 ಸಾವಿರ. ಒಬ್ಬ ಮಾಲಿಗೆ ಮರ್ಯಾದೆಯ ಪಗಾರ ಕೊಟ್ಟು ನೀರಿಗೂ ಒಂದಿಷ್ಟು ಉಳಿಯುತ್ತದೆ. ರೊಕ್ಕ ಆಗದವರು ತಿಪ್ಪೆಗೊಬ್ಬರ ಕೊಡಲಿ, ಬೇಸಿಗೆಯಲ್ಲಿ ಬುಡಕ್ಕೆ ಹೊದಿಸಲು ತೊಗರಿ ಹೊಟ್ಟು ಕೊಡಲಿ, ಟ್ರ್ಯಾಕ್ಟರ್ ಇದ್ದವರು ಮೇ ತಿಂಗಳಲ್ಲೊಂದು ಟ್ಯಾಂಕರ್ ನೀರು ತರಲಿ. ಖಣಿಯವರ ಹತ್ತಿರ ಮಾರಾಟವಾಗದ ಒಡಕು ಫರಸಿಯ ಗುಡ್ಡೆಗಳೇ ಇವೆ. ಒಡ್ಡಿಗೆ, ಪಾತಿಗೆ, ಗಿಡದ ಬುಡದ ತೇವ ಕಾಯಲು ಅದಕ್ಕಿಂತ ಒಳ್ಳೆಯ ಸಾಮಾನು ಇಲ್ಲ. ಬಿಟ್ಟ ಖಣಿಯೊಂದರಲ್ಲಿ ಮಳೆನೀರು ನಿಲ್ಲುತ್ತಿದ್ದರೆ ತೋಟಕ್ಕೆ ಅದರ ಪಕ್ಕವೇ ಸರಿಯಾದ ಜಾಗ.

ದೊಡ್ಡ ಕಂಪನಿಗಳ ಹಣ ಬೇಡವೆಂದು ನಾನು ಹೇಳುವವನಲ್ಲ. 2013ರ ಕಂಪನಿ ಕಾಯ್ದೆಯಂತೆ ನಿಗದಿತ ಮಟ್ಟ ಮೀರಿದ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಇಡಬೇಕು, ಸಸ್ಯ–ಪ್ರಾಣಿಗಳ ರಕ್ಷಣೆಯೂ ಆ ಪಟ್ಟಿಯಲ್ಲಿದೆ. ಈ ನೆಲದ ಕಲ್ಲಿನಿಂದ ಲಾಭ ಮಾಡಿದವರು ಈ ನೆಲದ ಗಿಡಕ್ಕೆ ಕೊಡುವುದು ನ್ಯಾಯವೇ. ಆದರೆ ಅದನ್ನು ಕಾಂಪೌಂಡಿಗೆ, ಕೊಳವೆಬಾವಿಗೆ, ಸೋಲಾರ್ ಪಂಪಿಗೆ ಹಾಕಿಸಿಕೊಳ್ಳಬೇಕು, ಪಗಾರಕ್ಕಲ್ಲ. ಯೋಜನೆ ಮುಗಿದ ವರ್ಷ ಆ ಹಣ ನಿಲ್ಲುತ್ತದೆ. ಮಾಲಿಯನ್ನು ಊರೇ ಸಾಕಬೇಕು.

ಎರಡು ಎಚ್ಚರಿಕೆ ಹೇಳದೆ ಮುಗಿಸಲಾರೆ. ತೋಟ ತುಂಬಿಸುವ ಅವಸರಕ್ಕೆ ಕಾಡು ಖಾಲಿ ಮಾಡಬಾರದು. ಚಿಂಚೋಳಿಯ ಧಾಮದೊಳಗಿಂದ ಒಂದು ಗಡ್ಡೆ ಕಿತ್ತು ತಂದರೂ ಅದು ಅಪರಾಧ. ಅರಣ್ಯ ಇಲಾಖೆಯ ಅನುಮತಿ ಪಡೆದು, ಗಿಡ ಬಿಟ್ಟು ಬೀಜ ಮಾತ್ರ, ಅದೂ ಹಲವು ಮರಗಳಿಂದ ಸ್ವಲ್ಪ ಸ್ವಲ್ಪ ತರಬೇಕು. ಇನ್ನೊಂದು, ಮಣ್ಣು. ನಮ್ಮದು ಸುಣ್ಣದ ಮಣ್ಣು. ಮಲೆನಾಡಿನ ಸಸಿ ತಂದು ನೆಟ್ಟರೆ ಎಲೆ ಹಳದಿಗೆ ತಿರುಗಿ ನರ ಮಾತ್ರ ಹಸಿರು ಉಳಿಯುತ್ತದೆ, ಕಬ್ಬಿಣದಂಶ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಅಂಥ ಗಿಡಗಳ ಹಿಂದೆ ಹಣ ಸುರಿಯುವುದಕ್ಕಿಂತ ಸುಣ್ಣ ತಿಂದು ಬೆಳೆಯುವ ನಮ್ಮ ಗಿಡಗಳನ್ನೇ ಆರಿಸಿಕೊಳ್ಳುವುದು ಜಾಣತನ.

ಇಷ್ಟೆಲ್ಲ ಮಾಡಿದರೂ ಒಂದೇ ತೋಟ ಸಾಲದು. ಒಂದು ಬೆಂಕಿ, ಒಂದು ಬರ, ಗಂಧದ ಕಳ್ಳರ ಒಂದು ರಾತ್ರಿ ಸಾಕು. ರಾವೂರಿನಲ್ಲಿ ಹತ್ತು ಕಮರದ ಸಸಿ ಎದ್ದರೆ ಐದನ್ನು ಸೇಡಂನ ಯಾವುದಾದರೂ ಶಾಲೆಯ ಅಂಗಳಕ್ಕೆ, ಚಿಂಚೋಳಿಯ ಯಾವುದಾದರೂ ಮಠದ ಹಿತ್ತಲಿಗೆ ಅದೇ ನಂಬರಿನ ತಗಡು ಕಟ್ಟಿ ಕಳಿಸಬೇಕು, ಅಲ್ಲಿಯ ವಹಿಯಲ್ಲೂ ಬರೆಸಬೇಕು. ನಿಧಿಗೆ ಬಂದದ್ದೆಷ್ಟು, ಪಗಾರಕ್ಕೆ ಹೋದದ್ದೆಷ್ಟು, ಬದುಕಿದ ಗಿಡ ಎಷ್ಟು, ಸತ್ತದ್ದು ಎಷ್ಟು ಎಂಬ ಲೆಕ್ಕವನ್ನು ಪ್ರತಿ ತಿಂಗಳು ಪಂಚಾಯಿತಿಯ ಗೋಡೆಗೆ ಅಂಟಿಸಬೇಕು. ಸತ್ತ ಗಿಡದ ಲೆಕ್ಕವನ್ನು ಮುಚ್ಚಿಡದ ತೋಟಕ್ಕೆ ಎರಡನೆಯ ವರ್ಷವೂ ಇಪ್ಪತ್ತು ರೂಪಾಯಿ ಕೊಡಲು ಈ ಸೀಮೆಯ ಜನ ಹಿಂದೆಮುಂದೆ ನೋಡುವುದಿಲ್ಲ.